ಮೆರವಣಿಗೆಯ ಲಾರಿ ಮತ್ತು ಅದರ ಡೈನಮೋ

ಬೆಂಗಳೂರಿನಿಂದ ಮೈಸೂರಿನ ಹಳೆಯ ರಸ್ತೆಯಲ್ಲಿ ಹೊರಟು, ರಾಮನಗರವನ್ನು ದಾಟಿ, ಚನ್ನಪಟ್ಟಣವನ್ನು ಮುಟ್ಟುವ ಮುನ್ನ ಸಿಕ್ಕುವ ಕೆಂಗಲ್ಲನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ರಸ್ತೆಯ ಬದಿಯ ಆಂಜನೇಯನ ಗುಡಿಯ ಮುಂದೆ ಗಾಡಿ ನಿಲ್ಲಿಸಿ ಕೈಮುಗಿದು ಮುಂದೆ ಹೋದವರೂ ಉಂಟು. ಸಂಕ್ರಾಂತಿಯ ಹೊತ್ತಿಗೆ ನೆರೆಯುವ ಅಯ್ಯನಗುಡಿಯ ದನಗಳ ಜಾತ್ರೆಯಲ್ಲಿ ಹೋರಿ ಕೊಂಡವರೂ ಉಂಟು. 2023ರಲ್ಲಿ ಹೊಸ ಹೆದ್ದಾರಿಯಾದ ಮೇಲೆ ದೂರದೂರಿನ ವಾಹನಗಳು ಊರ ಹೊರಗಿನಿಂದಲೇ ಹರಿದುಹೋಗುತ್ತವೆ. ಹಳೆಯ ರಸ್ತೆಗೆ ಅಷ್ಟರಮಟ್ಟಿಗೆ ಉಸಿರಾಡಲು ಎಡೆಯಾಗಿದೆ. ಹಬ್ಬದ ಸಂಜೆಗಳಲ್ಲಿ ಆ ಎಡೆಯನ್ನು ತುಂಬುವುದು ನಮ್ಮ ಸುತ್ತಿನ ಹಳ್ಳಿಗಳ ಮೆರವಣಿಗೆ. ಆ ಮೆರವಣಿಗೆಯ ಮುಂದೆ ಒಂದು ಲಾರಿ. ಲಾರಿಯ ಮೇಲೆ ಆಳೆತ್ತರದ ಧ್ವನಿಪೆಟ್ಟಿಗೆಗಳು.

ನಾನು ಮೋಟಾರು ಗಾಡಿಗಳ ವಿದ್ಯುತ್ತಿನ ಕೆಲಸದಲ್ಲಿ ಮೂವತ್ತು ವರ್ಷ ಕಳೆದವನು. ಸಂಗೀತದ ಗುಣದೋಷಗಳನ್ನು ಹೇಳುವ ಅಧಿಕಾರ ನನಗಿಲ್ಲ. ಆದರೆ ಆ ಸಂಗೀತಕ್ಕೆ ಬೇಕಾದ ವಿದ್ಯುತ್ತು ಎಲ್ಲಿಂದ ಬರುತ್ತದೆ, ಎಲ್ಲಿ ಸಾಲದೆ ಹೋಗುತ್ತದೆ ಎಂಬುದನ್ನು ಬಲ್ಲೆ. ಅದನ್ನು ನಮ್ಮ ಮನೆಯಲ್ಲೇ ನಡೆದ ಒಂದು ಸಂಗತಿಯ ಮೂಲಕ ಹೇಳುತ್ತೇನೆ.

ನನ್ನ ತಂಗಿಯ ಮಗನಿಗೆ ಒಂದು ಸಣ್ಣ ಲಾರಿಯಿದೆ. ನಮ್ಮ ಕಡೆ ಕ್ಯಾಂಟರ್ ಎನ್ನುತ್ತಾರೆ. ವಾರದಲ್ಲಿ ಎರಡು ದಿನ ಮದ್ದೂರಿಗೆ ಎಳನೀರು, ಉಳಿದಂತೆ ಸುತ್ತಿನ ನಾಲ್ಕಾರು ಹಳ್ಳಿಗಳ ರೇಷ್ಮೆಗೂಡನ್ನು ರಾಮನಗರದ ಮಾರುಕಟ್ಟೆಗೆ ಮುಟ್ಟಿಸುವುದು ಅವನ ಜೀವನೋಪಾಯ. ಸಾಲದ ಕಂತು ಇನ್ನೂ ತೀರಿಲ್ಲ. ಮೂರು ವರ್ಷಗಳ ಹಿಂದೆ, ಹಬ್ಬದ ದಿನಗಳಲ್ಲಿ ನಾಲ್ಕು ಕಾಸು ಹೆಚ್ಚು ಸಿಕ್ಕೀತೆಂದು, ಪಟ್ಟಣದ ಒಂದು ಅಂಗಡಿಯಿಂದ ದೊಡ್ಡದೊಂದು ಸ್ಟೀರಿಯೋ ಸೆಟ್ಟನ್ನು ತಂದು ಲಾರಿಗೆ ಕೂರಿಸಿದ. ಆಂಪ್ಲಿಫೈಯರಿನ ಮೇಲೆ ಎರಡು ಸಾವಿರ ವ್ಯಾಟು ಎಂದು ಬರೆದಿತ್ತು. ಅಂಗಡಿಯವರು ಬ್ಯಾಟರಿಯಿಂದ ಒಂದು ತಂತಿ ಎಳೆದು, ಹಾಡು ಹಾಕಿ ತೋರಿಸಿ, ಹಣ ಎಣಿಸಿಕೊಂಡು ಕಳುಹಿಸಿದರು.

ಆ ವರ್ಷದ ಜಾತ್ರೆಯ ಸಂಜೆ ಆರು ಗಂಟೆಗೆ ಮೆರವಣಿಗೆ ಹೊರಟಿತು. ಎಂಟರ ಹೊತ್ತಿಗೆ ಲಾರಿಯ ಮುಂದಿನ ದೀಪಗಳು ಮಂಕಾದವು. ತಮಟೆಯಂತಹ ದಪ್ಪ ಪೆಟ್ಟು ಬಿದ್ದಾಗಲೆಲ್ಲ ದೀಪವೂ ಕಣ್ಣು ಮಿಟುಕಿಸತೊಡಗಿತು. ಹುಡುಗರು ಅದನ್ನೂ ಒಂದು ಚಮತ್ಕಾರವೆಂದೇ ತಿಳಿದು ಕುಣಿದರು. ಒಂಬತ್ತು ದಾಟುತ್ತಲೇ ಸೆಟ್ಟು ಗೊರಗೊರ ಎಂದು ಸುಮ್ಮನಾಯಿತು. ಇಂಜಿನು ಆಫಾಗಿ ನಿಂತದ್ದು ಮತ್ತೆ ಸೆಲ್ಫ್ ಎತ್ತಲಿಲ್ಲ. ಹತ್ತು ಜನ ತಳ್ಳಿ, ಇಳಿಜಾರಿನಲ್ಲಿ ಸ್ಟಾರ್ಟು ಮಾಡಿಸಿ, ಹೇಗೋ ಮನೆಗೆ ತಂದು ನಿಲ್ಲಿಸಿದರು.

ನಿಜವಾದ ಪೆಟ್ಟು ಬಿದ್ದದ್ದು ಮಾರನೆಯ ಬೆಳಗ್ಗೆ. ಮೂರು ಮನೆಗಳ ಗೂಡು ಚೀಲಕ್ಕೆ ತುಂಬಿ ಲಾರಿಗೆ ಏರಿತ್ತು. ಲಾರಿ ನಿಂತದ್ದು ತಗ್ಗಿನ ಓಣಿಯಲ್ಲಿ, ಮೂತಿ ಏರಿನ ಕಡೆಗೆ. ಸೆಲ್ಫ್ ಟಕ್ ಎಂದಿತೇ ಹೊರತು ತಿರುಗಲಿಲ್ಲ. ಟ್ರಾಕ್ಟರು ತಂದು ಎಳೆಸುವ ಹೊತ್ತಿಗೆ ಬಿಸಿಲೇರಿತ್ತು. ಮಾರುಕಟ್ಟೆ ಮುಟ್ಟುವಾಗ ಅಂದಿನ ಹರಾಜಿನ ಹೊತ್ತು ಮೀರಿತ್ತು. ರೇಷ್ಮೆ ಬೆಳೆದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಗೂಡಿನ ಒಳಗಿರುವುದು ಜೀವವುಳ್ಳ ಹುಳು. ಗಂಟೆ ಕಳೆದಂತೆ ತೂಕ ಇಳಿಯುತ್ತದೆ. ಚೀಲದಲ್ಲಿ ಒತ್ತಿಕೊಂಡಿದ್ದರೆ ಕಾವೇರುತ್ತದೆ. ದಿನ ಮೀರಿದರೆ ಚಿಟ್ಟೆ ಗೂಡನ್ನು ಕೊರೆದು ಹೊರಬರುತ್ತದೆ, ಆಮೇಲೆ ಅದು ನೂಲು ಬಿಚ್ಚುವುದಕ್ಕೆ ಬಾರದು. ಆ ಸಲ ಚಿಟ್ಟೆ ಬರಲಿಲ್ಲ, ಪುಣ್ಯ. ಆದರೆ ತೂಕದಲ್ಲಿ ಆದ ನಷ್ಟವನ್ನು ಅವನೇ ಕೈಯಿಂದ ಕಟ್ಟಿಕೊಟ್ಟ. ಮೂರು ಮನೆಯವರಲ್ಲಿ ಒಬ್ಬರು ಇನ್ನು ಮುಂದೆ ಅವನ ಗಾಡಿಗೆ ಗೂಡು ಹಾಕುವುದಿಲ್ಲವೆಂದರು.

ಸಂಜೆ ನನ್ನ ಹತ್ತಿರ ಬಂದ. "ಮಾವ, ಬ್ಯಾಟ್ರಿ ಹೋದ ದೀಪಾವಳೀಲಿ ತಂದದ್ದು ಕಣ್ ಮಾವ. ಇನ್ನೊಂದು ತಂದು ಜೋಡಿಸ್ಬಿಡ್ಲಾ?" ಎಂದ.

"ನಿನ್ನ ಬೋರಿನಲ್ಲಿ ನೀರು ಕಮ್ಮಿಯಾದರೆ ಇನ್ನೊಂದು ತೊಟ್ಟಿ ಕಟ್ಟಿಸ್ತೀಯೇನೋ?" ಎಂದೆ ನಾನು.

ಈ ವಿಷಯದಲ್ಲಿ ನೂರಕ್ಕೆ ತೊಂಬತ್ತು ಜನ ಎಡವುವುದು ಇಲ್ಲಿಯೇ. ಬ್ಯಾಟರಿ ವಿದ್ಯುತ್ತನ್ನು ಹುಟ್ಟಿಸುವುದಿಲ್ಲ; ಇಟ್ಟುಕೊಂಡಿರುತ್ತದೆ, ಅಷ್ಟೆ. ಅದು ತೊಟ್ಟಿ. ತೊಟ್ಟಿಗೆ ನೀರೆತ್ತುವ ಪಂಪು ಬೇರೆ ಇದೆ. ಇಂಜಿನಿನ ಪಕ್ಕದಲ್ಲಿ ಬೆಲ್ಟಿನಿಂದ ತಿರುಗುವ ಆ ಯಂತ್ರಕ್ಕೆ ಆಲ್ಟರ್ನೇಟರ್ ಎಂದು ಹೆಸರು. ನಮ್ಮ ಗ್ಯಾರೇಜುಗಳಲ್ಲಿ ಅದನ್ನು ಇಂದಿಗೂ ಡೈನಮೋ ಎಂದೇ ಕರೆಯುತ್ತಾರೆ; ನಾನೂ ಹಾಗೆಯೇ ಕರೆಯುತ್ತೇನೆ. ಶಾಸ್ತ್ರ ಬಲ್ಲವರು ಕ್ಷಮಿಸಬೇಕು. ಹಳೆಯ ಕಾಲದ ನಿಜವಾದ ಡೈನಮೋ, ಇಂಜಿನು ನಿಧಾನವಾಗಿ ತಿರುಗುವಾಗ ಹೆಚ್ಚುಕಡಿಮೆ ಏನನ್ನೂ ಕೊಡುತ್ತಿರಲಿಲ್ಲ. 1960ರ ಸುಮಾರಿಗೆ ಅಮೆರಿಕದ ಕಾರುಗಳಲ್ಲಿ ಆಲ್ಟರ್ನೇಟರು ಬಳಕೆಗೆ ಬಂತು. ಇದರಲ್ಲಿ ನಡುವೆ ತಿರುಗುವುದು ಅಯಸ್ಕಾಂತದ ಸುರುಳಿ. ವಿದ್ಯುತ್ತು ಹುಟ್ಟುವುದು ಸುತ್ತಲೂ ಅಲುಗದೆ ನಿಂತ ಮೂರು ಸುರುಳಿಗಳಲ್ಲಿ. ಹುಟ್ಟಿದ್ದು ಹಿಂದುಮುಂದಾಗಿ ಹರಿಯುವ ವಿದ್ಯುತ್ತಾದ್ದರಿಂದ ಆರು ಡಯೋಡುಗಳು ಅದನ್ನು ಒಂದೇ ದಿಕ್ಕಿಗೆ ತಿರುಗಿಸುತ್ತವೆ. ಒತ್ತಡ ಹದಿನಾಲ್ಕು ವೋಲ್ಟಿನ ಆಸುಪಾಸಿನಲ್ಲಿ ನಿಲ್ಲುವಂತೆ ಒಂದು ರೆಗ್ಯುಲೇಟರು ನೋಡಿಕೊಳ್ಳುತ್ತದೆ. ಹಳೆಯ ಮೇಸ್ತ್ರಿಗಳು ಇದಕ್ಕೂ ಕಟೌಟ್ ಎಂದೇ ಹೇಳುತ್ತಾರೆ.

ಆಲ್ಟರ್ನೇಟರು ಹಳೆಯ ಡೈನಮೋಗಿಂತ ಎಷ್ಟೋ ವಾಸಿ. ಆದರೂ ಅದರ ಮೇಲೆ ಕೆತ್ತಿರುವ ಆಂಪಿಯರಿನ ಸಂಖ್ಯೆ ಅದು ಜೋರಾಗಿ ತಿರುಗುವಾಗಿನದು. ಇಂಜಿನು ಸುಮ್ಮನೆ ನಿಂತಲ್ಲೇ ಓಡುತ್ತಿರುವಾಗ ಅದರ ಅರ್ಧದಷ್ಟು ಬಂದರೆ ಹೆಚ್ಚು. ಈಗ ನೀವೇ ಯೋಚಿಸಿ: ಮೆರವಣಿಗೆಯ ಲಾರಿ ಎಷ್ಟು ವೇಗವಾಗಿ ಹೋಗುತ್ತದೆ? ಮನುಷ್ಯ ನಡೆಯುವುದಕ್ಕಿಂತಲೂ ನಿಧಾನ, ಗುಡಿಯ ಮುಂದೆ ಮುಕ್ಕಾಲು ಗಂಟೆ ನಿಂತೇ ಬಿಡುತ್ತದೆ. ಹೆಚ್ಚಿನ ವಿದ್ಯುತ್ತು ಬೇಕಾದ ಹೊತ್ತಿನಲ್ಲಿಯೇ ಅದು ಕಡಿಮೆ ಹುಟ್ಟುತ್ತದೆ. ಗಾಳಿಯೂ ಸರಿಯಾಗಿ ಆಡದೆ ಯಂತ್ರ ಕಾಯುತ್ತದೆ. ಕಾದಂತೆಲ್ಲ ಅದು ಕೊಡುವುದು ಇನ್ನಷ್ಟು ಇಳಿಯುತ್ತದೆ.

ಅವನ ಲಾರಿಯ ಲೆಕ್ಕವನ್ನು ಒಂದು ಹಾಳೆಯ ಮೇಲೆ ಹಾಕಿದೆವು. ಡೈನಮೋ 45 ಆಂಪಿಯರಿನದು; ನಿಂತಲ್ಲಿ ಕೊಡುತ್ತಿದ್ದುದು 20. ದೀಪಗಳಿಗೆ 10 ಹೋಯಿತು. ಸೆಟ್ಟಿನ ಮೇಲೆ ಬರೆದಿದ್ದ ಎರಡು ಸಾವಿರ ವ್ಯಾಟು ಅಂಗಡಿಯ ಮಾತು. ನಿಜವಾಗಿ ಎಡೆಬಿಡದೆ ಕೊಡಬಲ್ಲದ್ದು ಸಾವಿರ. ಒಳಗೆ ಬಿಸಿಯಾಗಿ ಪೋಲಾಗುವುದನ್ನೂ ಸೇರಿಸಿದರೆ ಪೂರ್ತಿ ಜೋರಿನಲ್ಲಿ ಅದು ನೂರು ಆಂಪಿಯರಿನ ಹತ್ತಿರ ಎಳೆಯುತ್ತದೆ. ಆದರೆ ಸಂಗೀತ ಒಂದೇ ಸಮನೆ ಬಡಿಯುವುದಿಲ್ಲ; ಪೆಟ್ಟಿಗೂ ಪೆಟ್ಟಿಗೂ ನಡುವೆ ಬಿಡುವುಂಟು. ಸರಾಸರಿ 38 ಆಂಪಿಯರು ಎಂದು ನನ್ನ ಮೀಟರು ತೋರಿಸಿತು. ಒಟ್ಟು ಖರ್ಚು 48, ಆದಾಯ 20. ಗಂಟೆಗೆ 28ರಂತೆ ಬ್ಯಾಟರಿಯಿಂದ ಕಡ. ಬ್ಯಾಟರಿಯದು ನೂರು ಆಂಪಿಯರ್-ಗಂಟೆ. ಆರಕ್ಕೆ ಹೊರಟವನು ಒಂಬತ್ತಕ್ಕೆ ನಿಂತದ್ದು ಯಾವ ಗ್ರಹಚಾರದಿಂದಲೂ ಅಲ್ಲ. ಮೂರು ಗಂಟೆಗೆ 84 ಕಳೆದಿತ್ತು. ಇನ್ನೊಂದು ಬ್ಯಾಟರಿ ಜೋಡಿಸಿದ್ದರೆ ಒಂಬತ್ತರ ಬದಲು ಹನ್ನೆರಡಕ್ಕೆ ನಿಲ್ಲುತ್ತಿತ್ತು, ಮತ್ತು ಬೆಳಗ್ಗೆ ಎರಡು ಸತ್ತ ಬ್ಯಾಟರಿಗಳಿರುತ್ತಿದ್ದವು. ಹೀಗೆ ತಳ ಕಂಡ ಬ್ಯಾಟರಿಯನ್ನು ಬೆಂಗಳೂರಿಗೆ ಒಂದು ಸಲ ಹೋಗಿಬಂದರೆ ತುಂಬುತ್ತದೆಂದು ಬಗೆಯುವುದೂ ತಪ್ಪು. ಸೀಸದ ಬ್ಯಾಟರಿ ಕೊನೆಕೊನೆಗೆ ಬಲು ನಿಧಾನವಾಗಿ ಕುಡಿಯುತ್ತದೆ. ಲಾರಿಯಲ್ಲಿರುವುದು ಸೆಲ್ಫ್ ಎತ್ತುವುದಕ್ಕೆಂದು ತೆಳುವಾದ ಹಲಗೆಗಳನ್ನಿಟ್ಟು ಮಾಡಿದ ಬ್ಯಾಟರಿ. ನಾಲ್ಕು ಸಲ ತಳ ಕಂಡರೆ ಅದರ ಆಯುಷ್ಯ ಅರ್ಧಕ್ಕಿಳಿದೀತು.

ದೊಡ್ಡ ಲಾರಿಯವರಿಗೆ ಇಲ್ಲೊಂದು ಮಾತು ಹೇಳಿ ಮುಂದೆ ಹೋಗುತ್ತೇನೆ, ಏಕೆಂದರೆ ಈ ತಪ್ಪನ್ನು ಹೆದ್ದಾರಿಯ ಉದ್ದಕ್ಕೂ ಕಂಡಿದ್ದೇನೆ. ದೊಡ್ಡ ಲಾರಿಗಳಲ್ಲಿ 12 ವೋಲ್ಟಿನ ಎರಡು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿ 24 ಮಾಡಿರುತ್ತಾರೆ. ಸ್ಟೀರಿಯೋ 12 ವೋಲ್ಟಿನದಾದ್ದರಿಂದ ಚಾಲಕರು ಒಂದೇ ಬ್ಯಾಟರಿಯಿಂದ ತಂತಿ ಎಳೆದು ಹಾಡು ಕೇಳುತ್ತಾರೆ. ಹಾಡೇನೋ ಬರುತ್ತದೆ. ಆದರೆ ಒಂದು ಎತ್ತಿಗೆ ಮಾತ್ರ ದುಡಿತ, ಮೇವು ಎರಡಕ್ಕೂ ಸಮ ಎಂಬಂತಾಗುತ್ತದೆ ಇದು. ರೆಗ್ಯುಲೇಟರು ನೋಡುವುದು ಎರಡೂ ಸೇರಿದ 28 ವೋಲ್ಟನ್ನು ಮಾತ್ರ. ದುಡಿದು ಸೊರಗಿದ್ದು ಹನ್ನೆರಡೂವರೆಯಲ್ಲೇ ನಿಂತರೆ, ಸುಮ್ಮನಿದ್ದದ್ದರ ಮೇಲೆ ಹದಿನೈದೂವರೆ ಬೀಳುತ್ತದೆ. ಒಂದು ಹಸಿವಿನಿಂದ ಕೆಡುತ್ತದೆ, ಇನ್ನೊಂದು ನೀರು ಕುದಿಸಿಕೊಂಡು ಒಣಗುತ್ತದೆ. ಆರು ತಿಂಗಳಲ್ಲಿ ಜೋಡಿ ಹಾಳಾಗಿ, ಬೈಗುಳ ಬ್ಯಾಟರಿ ಮಾರಿದವನಿಗೆ. 24ನ್ನು 12ಕ್ಕೆ ಇಳಿಸಿ ಕೊಡುವ ಕನ್ವರ್ಟರು ಸಿಗುತ್ತದೆ. ಅದನ್ನು ಎರಡೂ ಬ್ಯಾಟರಿಗಳ ತುದಿಯಿಂದ ಜೋಡಿಸಿ. ಹಾಡು ಕೇಳುವುದಕ್ಕೆ ಅದು ಸರಿಯಾದ ದಾರಿ.

ನಮ್ಮ ಹುಡುಗನ ಲಾರಿಗೆ ಹಿಂತಿರುಗೋಣ. 120 ಆಂಪಿಯರಿನ ಒಂದು ಡೈನಮೋವನ್ನು ಹುಡುಕಿ ತಂದೆವು. ಕೂರಿಸುವ ಬ್ರಾಕೆಟ್ಟನ್ನು ಲೇತಿನಲ್ಲಿ ಮಾಡಿಸಬೇಕಾಯಿತು. ಹಳೆಯದಕ್ಕೆ ಒಂಟಿ ಬೆಲ್ಟು ಇತ್ತು. ಅಷ್ಟು ದೊಡ್ಡ ಯಂತ್ರ ಪೂರ್ತಿ ಹೊರೆಯಲ್ಲಿ ದುಡಿಯುವಾಗ ಇಂಜಿನಿನಿಂದ ನಾಲ್ಕು ಅಶ್ವಶಕ್ತಿಯಷ್ಟು ಎಳೆದುಕೊಳ್ಳುತ್ತದೆ. ಒಂಟಿ ಬೆಲ್ಟು ಜಾರಿ ಕಿರುಚಿ ಸುಟ್ಟುಹೋದೀತು. ಆದ್ದರಿಂದ ಜೋಡಿ ಬೆಲ್ಟಿನ ಪುಲ್ಲಿ ಹಾಕಿಸಿದೆವು. ಮೆರವಣಿಗೆಯಲ್ಲಿ ಕೈ ಥ್ರಾಟಲಿನಿಂದ ಇಂಜಿನನ್ನು ನಿಮಿಷಕ್ಕೆ ಸಾವಿರ ಸುತ್ತಿನ ಮೇಲೆ ಹಿಡಿದರೆ 70 ಆಂಪಿಯರು ಬರುತ್ತದೆ. ಖರ್ಚು 48. ಮಿಕ್ಕದ್ದು ಬ್ಯಾಟರಿಗೆ.

ಎರಡನೆಯ ಬ್ಯಾಟರಿಯನ್ನೂ ಹಾಕಿದೆವು, ಆದರೆ ಬೇರೆ ಕೆಲಸಕ್ಕೆ. ದಪ್ಪ ಪೆಟ್ಟು ಬಿದ್ದಾಗ ಕ್ಷಣಮಾತ್ರ ನೂರು ಆಂಪಿಯರು ಬೇಕಾಗುತ್ತದಲ್ಲ, ಅದನ್ನು ಕೊಡಲು ಸೆಟ್ಟಿನ ಹತ್ತಿರವೇ ಅದು ಇರುತ್ತದೆ. ನಡುವೆ ಒಂದು ರಿಲೇ. ಡೈನಮೋ ತಿರುಗುತ್ತಿರುವಾಗ ಮಾತ್ರ ಎರಡೂ ಒಂದಾಗುತ್ತವೆ; ಇಂಜಿನು ನಿಂತೊಡನೆ ಬೇರೆಯಾಗುತ್ತವೆ. ಹುಡುಗರು ಗಾಡಿ ನಿಲ್ಲಿಸಿ ಎಷ್ಟೇ ಹಾಡು ಹಾಕಲಿ, ಬೆಳಗ್ಗೆ ಸೆಲ್ಫ್ ಎತ್ತುವ ಬ್ಯಾಟರಿಯನ್ನು ಅವರು ಮುಟ್ಟಲಾರರು. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ದುಡ್ಡಿಗೆ ತಕ್ಕ ವಸ್ತುವೆಂದರೆ ಆ ಅಂಗೈಯಗಲದ ರಿಲೇಯೇ.

ತಂತಿಯ ವಿಚಾರವನ್ನು ಹೇಳದಿದ್ದರೆ ಈ ಭಾಷಣ ಅಪಾಯಕಾರಿಯಾದೀತು. ಅಂಗಡಿಯವರು ಎಳೆದಿದ್ದ ತಂತಿಯನ್ನು ಬಿಚ್ಚುವಾಗ ನನ್ನ ಕೈ ನಡುಗಿತು. ತೆಳುವಾದ ತಂತಿ, ಫ್ಯೂಸು ಎಂಬುದೇ ಇಲ್ಲ. ಚಾಸಿಯ ಒಂದು ರಂಧ್ರದ ಅಂಚಿಗೆ ಉಜ್ಜಿ ಉಜ್ಜಿ ಮೇಲಿನ ಹೊದಿಕೆ ಅರ್ಧ ಸವೆದಿತ್ತು. ಪೂರ್ತಿ ಸವೆದು ತಾಮ್ರ ಕಬ್ಬಿಣಕ್ಕೆ ತಗುಲಿದ್ದರೆ ಬ್ಯಾಟರಿ ಒಂದೇ ಸಲಕ್ಕೆ ನೂರಾರು ಆಂಪಿಯರನ್ನು ಸುರಿದು ತಂತಿಯನ್ನು ಕೆಂಡ ಮಾಡುತ್ತಿತ್ತು. ಆ ರಾತ್ರಿ ಪೆಟ್ಟಿಗೆಗಳ ಮೇಲೆ ಏಳೆಂಟು ಮಕ್ಕಳು ಕುಳಿತಿದ್ದರು. ಅವರಲ್ಲಿ ನನ್ನ ಮೊಮ್ಮಗಳೂ ಒಬ್ಬಳು.

ತಂತಿಯ ದಪ್ಪಕ್ಕೆ ಲೆಕ್ಕವುಂಟು. ಆರು ಚದರ ಮಿಲಿಮೀಟರಿನ ತಾಮ್ರದ ತಂತಿ ನಾಲ್ಕು ಮೀಟರು ಉದ್ದವಿದ್ದು ಅದರಲ್ಲಿ ನೂರು ಆಂಪಿಯರು ಹರಿದರೆ, ದಾರಿಯಲ್ಲಿಯೇ ಒಂದು ವೋಲ್ಟಿಗಿಂತ ಹೆಚ್ಚು ಕಳೆದುಹೋಗುತ್ತದೆ. ಅದೆಲ್ಲ ತಂತಿಯ ಬಿಸಿ. ಮೂವತ್ತೈದು ಚದರ ಮಿಲಿಮೀಟರಿನದಾದರೆ ಕಳೆಯುವುದು ವೋಲ್ಟಿನ ಐದನೆಯ ಒಂದು ಪಾಲು. ನಾವು ವೆಲ್ಡಿಂಗಿನವರು ಬಳಸುವ ಕೇಬಲನ್ನು ಹಾಕಿದೆವು. ಸಣ್ಣ ಎಳೆಗಳಿಂದ ಹೆಣೆದ ಅದು ಲಾರಿಯ ಅದುರಾಟಕ್ಕೆ ಬೇಗ ಮುರಿಯುವುದಿಲ್ಲ. ಕೊಳ್ಳುವಾಗ ತುದಿಯನ್ನು ಕೆರೆದು ನೋಡಿ. ಮೇಲೆ ತಾಮ್ರದ ಬಣ್ಣ, ಒಳಗೆ ಅಲ್ಯುಮಿನಿಯಂ ಇರುವ ಸರಕು ಅಗ್ಗಕ್ಕೆ ಸಿಗುತ್ತದೆ. ಸೆಟ್ಟಿನ ತಂತಿಯೊಂದನ್ನೇ ದಪ್ಪ ಮಾಡಿದರೆ ಸಾಲದು. ಡೈನಮೋದಿಂದ ಬ್ಯಾಟರಿಗೆ, ಬ್ಯಾಟರಿಯ ಋಣ ತುದಿಯಿಂದ ಚಾಸಿಗೆ, ಇಂಜಿನಿನಿಂದ ಚಾಸಿಗೆ ಹೋಗುವ ಮೂರೂ ದಪ್ಪವಾಗಬೇಕು. ಹೋದ ವಿದ್ಯುತ್ತು ಹಿಂತಿರುಗಿ ಬರಬೇಕಲ್ಲವೆ? ಅರ್ತ್ ತಂತಿ ತುಕ್ಕು ಹಿಡಿದಿದ್ದರಿಂದಲೇ ಕೆಟ್ಟ ಗಾಡಿಗಳನ್ನು ನಾನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ಫ್ಯೂಸನ್ನು ಬ್ಯಾಟರಿಯಿಂದ ಒಂದು ಗೇಣಿನೊಳಗೆ ಹಾಕಿ. ಸೆಟ್ಟಿನ ಹತ್ತಿರ ಹಾಕಿದ ಫ್ಯೂಸು ಸೆಟ್ಟನ್ನು ಕಾದೀತು, ಲಾರಿಯನ್ನಲ್ಲ. ಎರಡು ಬ್ಯಾಟರಿಗಳ ನಡುವಿನ ತಂತಿಗಾದರೆ ಎರಡೂ ತುದಿಯಲ್ಲಿ ಬೇಕು.

ಇಷ್ಟೆಲ್ಲ ಮಾಡಿಕೊಟ್ಟ ಮೇಲೂ ಹುಡುಗ ಕೇಳಿದ: "ಇನ್ನೊಂದು ಸಾವಿರ ವ್ಯಾಟು ಸೇರಿಸಿದ್ರೆ ಡಬಲ್ ಸೌಂಡ್ ಬರ್ತದಾ ಮಾವ?"

ಬರುವುದಿಲ್ಲ. ನಮ್ಮ ಕಿವಿಯ ಲೆಕ್ಕ ಅಂಗಡಿಯ ತಕ್ಕಡಿಯ ಲೆಕ್ಕವಲ್ಲ. ವ್ಯಾಟನ್ನು ಎರಡರಷ್ಟು ಮಾಡಿದರೆ ಸದ್ದು ಏರುವುದು ಮೂರು ಡೆಸಿಬೆಲ್ಲು. ಗಮನವಿಟ್ಟು ಕೇಳಿದರೆ ಗೊತ್ತಾಗುವಷ್ಟು. ಕಿವಿಗೆ ಎರಡರಷ್ಟು ಎನ್ನಿಸಬೇಕಾದರೆ ವ್ಯಾಟು ಸುಮಾರು ಹತ್ತರಷ್ಟಾಗಬೇಕು. ಅಷ್ಟು ಬೇಕೆನ್ನುವವರು ಡೈನಮೋವನ್ನು ಬಿಟ್ಟು ಜನರೇಟರು ಹೇರಿಕೊಂಡು ಹೋಗುವುದೇ ಸರಿ. ಎರಡು ಮೂರು ಸಾವಿರ ವ್ಯಾಟಿನ ಆಚೆಗೆ ಲಾರಿಯ ಇಂಜಿನಿನಿಂದ ಸಂಗೀತವನ್ನು ಹಿಂಡುವುದು ನನ್ನ ದೃಷ್ಟಿಯಲ್ಲಿ ಹುಂಬತನ.

ಹಿಂದೆ ಟೆಂಟ್ ಸಿನಿಮಾದವರು ಗಾಡಿಯ ಮೇಲೆ ಕಹಳೆಯಾಕಾರದ ಧ್ವನಿವರ್ಧಕ ಕಟ್ಟಿಕೊಂಡು ಹಳ್ಳಿಹಳ್ಳಿಗೆ ಸಾರಿಕೊಂಡು ಬರುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಒಂದು ಮೋಟಾರು ಬ್ಯಾಟರಿ, ಮೂವತ್ತು ನಲವತ್ತು ವ್ಯಾಟಿನ ಆಂಪ್ಲಿಫೈಯರು. ಆ ದನಿ ಪಕ್ಕದ ಊರಿಗೂ ಮುಟ್ಟುತ್ತಿತ್ತು. ಕಾರಣ ಆ ಕಹಳೆ. ಕೊಟ್ಟ ವ್ಯಾಟಿಗೆ ಅದು ಹೊರಡಿಸುವ ದನಿ ಇಂದಿನ ಸಾಮಾನ್ಯ ಪೆಟ್ಟಿಗೆಗಿಂತ ಹದಿನೈದು ಡೆಸಿಬೆಲ್ಲಿನಷ್ಟು ಹೆಚ್ಚು. ಅಂದರೆ ಮಾತಿನ ಮಟ್ಟಿಗೆ ಮೂವತ್ತು ವ್ಯಾಟಿನ ಕಹಳೆ ಸುಮಾರು ಸಾವಿರ ವ್ಯಾಟಿನ ಪೆಟ್ಟಿಗೆಗೆ ಸಮ. ಮದ್ದಳೆಯ ದಪ್ಪ ನಾದ ಅದರಲ್ಲಿ ಬಾರದು, ಒಪ್ಪಿದೆ. ಆದರೆ ಹೊಸದಾಗಿ ಕೊಳ್ಳುವವರು ಆಂಪ್ಲಿಫೈಯರಿನ ವ್ಯಾಟನ್ನು ಕೇಳುವ ಮೊದಲು ಪೆಟ್ಟಿಗೆಯ ಡೆಸಿಬೆಲ್ಲನ್ನು ಕೇಳಲಿ. ಆರು ಡೆಸಿಬೆಲ್ಲು ಹೆಚ್ಚಿನ ಪೆಟ್ಟಿಗೆ ಸಿಕ್ಕರೆ ಕಾಲು ಭಾಗ ವಿದ್ಯುತ್ತಿನಲ್ಲಿ ಅದೇ ಸದ್ದು ಬರುತ್ತದೆ. ಮೈಸೂರಿನಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದ ಆಕಾಶವಾಣಿಯನ್ನು ಆರಂಭಿಸಿದ್ದು ಮೂವತ್ತು ವ್ಯಾಟಿನ ಪ್ರೇಷಕ ಯಂತ್ರದಿಂದ. ರೇಡಿಯೋ ಅಲೆಗೂ ಸದ್ದಿನ ಅಲೆಗೂ ಹೋಲಿಕೆಯಿಲ್ಲವೆಂದು ಬಲ್ಲೆ. ಆದರೂ ಸಾವಿರ ವ್ಯಾಟಿನ ಲಾರಿಯನ್ನು ಕಂಡಾಗಲೆಲ್ಲ ಆ ಮೂವತ್ತು ನನ್ನ ನೆನಪಿಗೆ ಬರುತ್ತದೆ.

ಕಾಯಿದೆಯ ಮಾತನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದು. ವರ್ಷಕ್ಕೆ ಹದಿನೈದು ದಿನ ಮೀರದಂತೆ, ಹಬ್ಬಗಳಿಗೆ ಸರ್ಕಾರ ನಡುರಾತ್ರಿಯವರೆಗೆ ಸಡಿಲಿಸಬಹುದು. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ನೂರು ಮೀಟರು ನಿಶ್ಶಬ್ದ ವಲಯವಾಗಬಹುದು. ಗಾಡಿಯ ಮೂಲ ರಚನೆಯನ್ನು ಬದಲಾಯಿಸುವುದಕ್ಕೆ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ತಡೆಯುಂಟು; ಆದ್ದರಿಂದ ಪೆಟ್ಟಿಗೆಗಳನ್ನು ಬಾಡಿಗೆ ಬೆಸುಗೆ ಹಾಕಿಸದೆ, ಬಿಚ್ಚಿ ಇಳಿಸುವಂತೆ ಪಟ್ಟಿಯಿಂದ ಬಿಗಿಯಬೇಕು. ವಿಮೆಯವರನ್ನೂ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಕೊನೆಯದಾಗಿ ಒಂದು ಅಗ್ಗದ ವಸ್ತು: ಚಾಲಕನ ಕಣ್ಣಿಗೆ ಬೀಳುವಂತೆ ಒಂದು ವೋಲ್ಟ್‌ಮೀಟರು. ಇಂಜಿನು ಓಡುತ್ತ ಹಾಡು ನಡೆಯುತ್ತಿರುವಾಗ ಅದು ಹದಿಮೂರೂವರೆಯ ಮೇಲಿದ್ದರೆ ಡೈನಮೋ ಸಂಸಾರ ತೂಗಿಸುತ್ತಿದೆ ಎಂದು ಅರ್ಥ. ಹನ್ನೆರಡೂವರೆಗೆ ಇಳಿಯಿತೋ, ಬ್ಯಾಟರಿಯಿಂದ ಸಾಲ ಮಾಡುತ್ತಿದ್ದೀರಿ. ಆಗ ಸದ್ದನ್ನು ತಗ್ಗಿಸಿ. ಹುಡುಗರು ಕೂಗಾಡಿದರೆ ಕೂಗಾಡಲಿ.

ಕಳೆದ ಜಾತ್ರೆಯಲ್ಲಿ ನಾನು ಮೆರವಣಿಗೆಯ ಲಾರಿಯ ಮುಂದಿನ ಸೀಟಿನಲ್ಲಿಯೇ ಕುಳಿತಿದ್ದೆ. ಗುಡಿಯ ಮುಂದೆ ನಿಂತಾಗ ಮೀಟರು 13.6 ತೋರಿಸುತ್ತಿತ್ತು, ದೀಪ ಮಿಟುಕಲಿಲ್ಲ. ಮಕ್ಕಳನ್ನು ಪೆಟ್ಟಿಗೆಯ ಮೇಲೆ ಹತ್ತಗೊಡಲಿಲ್ಲ, ಅದಕ್ಕೆ ಮೊಮ್ಮಗಳು ನನ್ನೊಡನೆ ಎರಡು ದಿನ ಮಾತು ಬಿಟ್ಟಳು. ಹತ್ತಕ್ಕೆ ಸೆಟ್ಟು ನಿಲ್ಲಿಸಿದೆವು. ಬೆಳಗಿನ ಜಾವ ಐದಕ್ಕೆ ಓಣಿಯಲ್ಲಿ ಸೆಲ್ಫಿನ ಸದ್ದು ಕೇಳಿ ಎಚ್ಚರವಾಯಿತು. ಒಂದೇ ಸಲಕ್ಕೆ ಇಂಜಿನು ಎದ್ದಿತ್ತು. ಕಿಟಕಿಯಿಂದ ನೋಡಿದರೆ ಗೂಡಿನ ಚೀಲಗಳನ್ನು ಹೇರುತ್ತಿದ್ದರು. ಮೂರು ವರ್ಷದ ಹಿಂದೆ ಮುನಿಸಿಕೊಂಡು ಹೋದ ಮನೆಯವರೂ ತಮ್ಮ ಚೀಲವನ್ನು ತಂದು ಲಾರಿಯ ಪಕ್ಕದಲ್ಲಿ ಇಳಿಸಿದ್ದರು.